ಸೋಮವಾರ ಎಣಿಸಿದ ಬಸ್ಸುಗಳು

ಹೋದ ತಿಂಗಳು ನನ್ನ ತಂಗಿಯ ಸೊಸೆ ಫೋನ್ ಮಾಡಿದ್ದಳು. ಅವಳದೂ ನನ್ನದೇ ಕಸುಬು. ನಮ್ಮ ಕಾಲದಲ್ಲಿ ಅದಕ್ಕೆ ಪರ್ಸನೆಲ್ ಆಫೀಸರ್ ಎನ್ನುತ್ತಿದ್ದರು, ಈಗ ಎಚ್.ಆರ್. ಅನ್ನುತ್ತಾರೆ. ಹೆಸರು ಬದಲಾಗಿದೆ, ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳುವುದು ಬದಲಾಗಿಲ್ಲ. ಅವಳ ಕಂಪನಿಯ ಒಂದು ವಿಭಾಗವನ್ನು ಬೆಂಗಳೂರಿನಿಂದ ಯಾವುದೋ ಚಿಕ್ಕ ಊರಿಗೆ ಸಾಗಿಸುತ್ತಾರಂತೆ. ಕೆಲಸದವರಿಗೆ ಕೊಡಲು ಸಾಧಕ ಬಾಧಕಗಳ ಒಂದು ಪಟ್ಟಿ ಬೇಕು, ನೀವು ಇಂಥದ್ದೆಲ್ಲ ಮಾಡಿದವರಲ್ಲವಾ ಮಾವ, ಒಂದಿಷ್ಟು ಪಾಯಿಂಟು ಹೇಳಿ ಅಂದಳು. ಪಾಯಿಂಟು ಹೇಳುವುದು ಸುಲಭ. ಒಂದು ಕಾಲದಲ್ಲಿ ಹತ್ತು ನಿಮಿಷದಲ್ಲಿ ಹನ್ನೆರಡು ಪಾಯಿಂಟು ಬರೆದವನು ನಾನು. ಆ ಹನ್ನೆರಡು ಏನೇನು ಮಾಡಿದವು ಎಂಬುದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುಭಾಗ. ನಮ್ಮದು ಮನೆಗಳ ನಲ್ಲಿಗೆ ಹಾಕುವ ನೀರಿನ ಮೀಟರ್ ತಯಾರಿಸುವ ಸಣ್ಣ ಕಾರ್ಖಾನೆ. ಬೆಂಗಳೂರಿನ ಒಂದು ಇಕ್ಕಟ್ಟಿನ ಬೀದಿಯಲ್ಲಿತ್ತು. ಸುತ್ತ ಮನೆಗಳೆದ್ದು, ಲಾರಿ ತಿರುಗಿಸಲು ಜಾಗವಿಲ್ಲದಂತಾಗಿ, ಮಾಲೀಕರು ಮೈಸೂರು–ನಂಜನಗೂಡು ರಸ್ತೆಯಲ್ಲಿ ತಾಂಡವಪುರದ ಹತ್ತಿರ ಜಾಗ ಕೊಂಡರು. ಅರವತ್ತು ಚಿಲ್ಲರೆ ಜನ ಕೆಲಸಗಾರರು. ಬರುವವರು ಬರಬಹುದು, ಬಾರದವರು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಬಹುದು. ಬಂದವರಿಗೆ ಮೂರು ತಿಂಗಳಲ್ಲಿ ಹೊಂದಿಕೆಯಾಗದಿದ್ದರೆ ಬೆಂಗಳೂರಿನಲ್ಲಿ ಉಳಿಸಿಕೊಂಡಿದ್ದ ರಿಪೇರಿ ಡಿಪೋಗೆ ವಾಪಸ್ ಹೋಗುವ ಅವಕಾಶವೂ ಇತ್ತು, ಅದೂ ನಾಲ್ಕೇ ಜಾಗ.

ನಮ್ಮ ಜನರಲ್ ಮ್ಯಾನೇಜರ್ ಶಾಮರಾಯರು ನನ್ನನ್ನು ಕರೆದು, “ಹೋಗಿ ಊರು ನೋಡ್ಕೊಂಡು ಬನ್ನಿ. ಜನಕ್ಕೆ ಅರ್ಥ ಆಗೋ ಹಾಗೆ ಒಂದು ಹಾಳೆ ಬರೀರಿ” ಅಂದರು. ರಾಯರು ಕೆಟ್ಟವರಲ್ಲ. ಆದರೆ ಅವರ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ಸಿಲ್ ಇರುತ್ತಿತ್ತು, ಅದು ಇರುವುದೇ ಬೇರೆಯವರು ಬರೆದದ್ದನ್ನು ಹೊಡೆದುಹಾಕಲು ಎಂದು ಅವರು ನಂಬಿದ್ದರು.

ನಾನು ಒಂದು ದಿನ ಬೆಳಗ್ಗೆಯೇ ಹೊರಟು ಬಂದು, ನಂಜನಗೂಡಿನ ಬೀದಿಗಳಲ್ಲಿ ಸುತ್ತಿ, ಮನೆ ಬಾಡಿಗೆ ವಿಚಾರಿಸಿ, ರಸಬಾಳೆ ತಿಂದು, ಸಂಜೆ ಕಾರ್ಖಾನೆಯ ಗೇಟು ಬರಬೇಕಾಗಿದ್ದ ಜಾಗದಲ್ಲಿ ನಿಂತು ಮೈಸೂರಿನ ಕಡೆ ಹೋಗುವ ಬಸ್ಸುಗಳನ್ನು ಎಣಿಸಿದೆ. ಒಂದರ ಹಿಂದೆ ಒಂದು. ಕೈ ತೋರಿಸಿದರೆ ನಿಲ್ಲುತ್ತಿದ್ದವು, ಕೂರಲು ಸೀಟೂ ಇತ್ತು. ಡೈರಿಯಲ್ಲಿ ಟೈಮು ಸಮೇತ ಬರೆದುಕೊಂಡೆ. ನನ್ನ ಕೆಲಸದ ಅಚ್ಚುಕಟ್ಟನ್ನು ಕಂಡು ನನಗೇ ಹೆಮ್ಮೆಯಾಯಿತು.

ಹಾಳೆಯಲ್ಲಿ ನಡುವೆ ಗೆರೆ ಎಳೆದು ಎಡಗಡೆ ಅನುಕೂಲ, ಬಲಗಡೆ ಅನಾನುಕೂಲ ಎಂದು ಬರೆದೆ. ಎಡಗಡೆ ಹನ್ನೆರಡು: ಬಾಡಿಗೆ ಕಡಿಮೆ, ಗಾಳಿ ಚೆನ್ನ, ಹತ್ತು ನಿಮಿಷಕ್ಕೊಂದು ಬಸ್ಸು, ಹೀಗೆ. ಬಲಗಡೆ ಐದು. ದೊಡ್ಡ ಆಸ್ಪತ್ರೆ ದೂರ, ಹೆಂಡತಿಗೋ ಗಂಡನಿಗೋ ಬೇರೆ ಕೆಲಸ ಸಿಕ್ಕುವುದು ಕಷ್ಟ, ಇತ್ಯಾದಿ. ರಾಯರು ಓದಿ, ಕೆಂಪು ಪೆನ್ಸಿಲಿನಿಂದ ಬಲಗಡೆಗೆ ಮೇಲಿನಿಂದ ಕೆಳಗೆ ಒಂದೇ ಗೆರೆ ಹೊಡೆದರು.

“ಬಲಗಡೇದು ಅವರೇ ಬರ್ಕೋತಾರೆ ಬಿಡ್ರಿ. ಅದಕ್ಕೆ ನಾವು ಸಂಬಳ ಕೊಡಬೇಕಾ?”

ಟೈಪಾಗಿ ಬಂದ ಹಾಳೆಯಲ್ಲಿ ಅರ್ಧ ಖಾಲಿಯಿತ್ತು. ನಾನು ಮರುಮಾತಾಡಲಿಲ್ಲ. ಈ ಕಸುಬಿಗೆ ಬರುವ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಇದೇ: ನಾವು ಮಾಡುವ ಬಹುಪಾಲು ತಪ್ಪುಗಳು ಸುಳ್ಳು ಹೇಳಿ ಮಾಡಿದವಲ್ಲ, ಮರುಮಾತಾಡದೆ ಮಾಡಿದವು.

ಹಾಳೆ ಹಂಚಿದ ಮಾರನೆಯ ದಿನ ನನ್ನ ಕೋಣೆಗೆ ಬಂದವರು ರಾಜಮ್ಮ. ಟೆಸ್ಟ್ ಬೆಂಚಿನಲ್ಲಿ ಕೆಲಸ. ತಯಾರಾದ ಮೀಟರುಗಳನ್ನು ಬೆಂಚಿಗೆ ಜೋಡಿಸಿ, ನೀರು ಹರಿಸಿ, ಮುಳ್ಳು ತೋರಿಸುವುದೂ ತೊಟ್ಟಿಗೆ ಬಿದ್ದ ನೀರೂ ತಾಳೆಯಾಗುತ್ತದೆಯೇ ನೋಡುವುದು. ಅವರು ಸರಿ ಎಂದು ಸಹಿ ಹಾಕಿದ ಮೀಟರು ವಾಪಸ್ ಬಂದದ್ದು ನನಗೆ ನೆನಪಿಲ್ಲ. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಸುಮಾ, ಒಂಬತ್ತು ವರ್ಷ. ಮಗುವಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅಂಥ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದಳು, ಅಂಥದೊಂದು ಶಾಲೆ ಮೈಸೂರಿನಲ್ಲೂ ಇತ್ತು.

“ಸಾರ್, ಶಾಲೆಯವರು ಸಂಜೆ ಆರರ ತನಕ ಮಗೂನ ಇಟ್ಕೋತಾರಂತೆ. ಐದಕ್ಕೆ ಹೊಸ ಕಾರ್ಖಾನೆ ಬಿಟ್ರೆ ನಾನು ಆರಕ್ಕೆ ಶಾಲೆ ಹತ್ರ ಇರಬಹುದಾ? ಅಷ್ಟು ಹೇಳಿ ಸಾಕು. ಬಾಕಿ ಹನ್ನೊಂದು ನನಗೆ ಬೇಡ.”

ನಾನು ಡೈರಿ ತೆಗೆದು ತೋರಿಸಿದೆ. ಐದು ಐದು, ಐದು ಹನ್ನೆರಡು, ಐದು ಇಪ್ಪತ್ತು. ಅವರು ಬೆರಳಿಟ್ಟು ಓದಿ, ಅಲ್ಲೇ ನಿಂತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಹೊಸ ಕಾರ್ಖಾನೆ ಶುರುವಾದದ್ದು ಒಂದು ಸೋಮವಾರ, ಮುಹೂರ್ತ ನೋಡಿಯೇ. ಆ ಸಂಜೆ ಎಲ್ಲವೂ ಹಾಳೆಯಲ್ಲಿದ್ದಂತೆ ನಡೆಯಿತು. ಐದಕ್ಕೆ ಗೇಟು ತೆರೆಯಿತು, ಬಸ್ಸು ಬಂತು, ರಾಜಮ್ಮ ಹತ್ತಿ ಹೋದರು. ಮಂಗಳವಾರ ಐದರಿಂದ ಆರೂಕಾಲಿನವರೆಗೆ ಒಂದು ಬಸ್ಸೂ ನಿಲ್ಲಲಿಲ್ಲ. ಗುಂಡ್ಲುಪೇಟೆಯಿಂದಲೋ ಚಾಮರಾಜನಗರದಿಂದಲೋ ತುಂಬಿಕೊಂಡು ಬಂದ ಬಸ್ಸುಗಳು ನಮ್ಮ ಗೇಟಿನ ಮುಂದೆ ದೂಳೆಬ್ಬಿಸಿ ಹೋದವು. ಬುಧವಾರವೂ ಅದೇ. ರಾಜಮ್ಮ ಶಾಲೆ ತಲುಪುವಾಗ ಏಳು ಗಂಟೆ. ಆಯಾ ತನ್ನ ಮನೆಗೆ ಹೋಗದೆ ಮಗುವಿನ ಜತೆ ಮೆಟ್ಟಿಲ ಮೇಲೆ ಕೂತಿದ್ದಳಂತೆ.

ಗೇಟಿನೆದುರು ಟೀ ಅಂಗಡಿ ಇಟ್ಟಿದ್ದ ಮಾದಪ್ಪನನ್ನು ನಾನು ಕೇಳಿದೆ, ಬಸ್ಸುಗಳಿಗೆ ಏನಾಯಿತು ಎಂದು.

“ಬಸ್ಗೇನಾಯ್ತದೆ ಸಾ? ಯಾವಾಗ್ಲೂ ಇಂಗೇಯ. ನೀವು ಬಂದು ಎಣಿಸ್ಕಂಡ್ ಓದ್ರಲ್ಲ, ಅದು ಸೋಮಾರ ಕಣ್ರೀ. ಸೋಮಾರ ದೇವಸ್ಥಾನಕ್ಕೆ ಬರೋರ್ಗೆ ಅಂತ ಎಚ್ಚಾಗಿ ಬಸ್ ಬುಡ್ತಾರೆ. ಅವತ್ತೇ ಯೋಳಣ ಅಂದ್ಕಂಡೆ, ನೀವು ಬರಕಳದ್ರಲ್ಲೇ ಇದ್ರಿ.”

ನಂಜನಗೂಡಿನ ಸೋಮವಾರ ಏನೆಂದು ಈ ಸೀಮೆಯ ಎಳೆಮಕ್ಕಳಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ಆ ಕ್ಷಣವೇ ಹೋಗಿ ರಾಜಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯಾಯಿತು ಎಂದರೆ ಅರ್ಧ ನಿಜ. ಹೇಳಿದರೆ ಆಕೆ ಬೆಂಗಳೂರಿನ ರಿಪೇರಿ ಡಿಪೋಗೆ ವಾಪಸ್ ಹೊರಡುತ್ತಾರೆ, ರಾಯರು ನನ್ನನ್ನು ಬಿಡುವುದಿಲ್ಲ ಎಂಬುದು ಇನ್ನರ್ಧ. ಬಸ್ ಡಿಪೋಗೆ ಮೂರು ಪ್ರತಿಗಳಲ್ಲಿ ಪತ್ರ ಬರೆದೆ. ರಾಜಮ್ಮನಿಗೆ, “ಮುಂದಿನ ವಾರ ಸರಿಹೋಗುತ್ತೆ” ಅಂದೆ. ಮುಂದಿನ ವಾರವೂ ಅದನ್ನೇ ಅಂದೆ. ಅರ್ಧ ಗಂಟೆ ಬೇಗ ಬಿಡಬಹುದೇ ಎಂದು ರಾಯರನ್ನು ಕೇಳಿದೆ.

“ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ. ಮೂರು ತಿಂಗಳು ಕಳೀಲಿ ಇರಿ, ಆಮೇಲೆ ಎಲ್ಲಿಗೆ ಹೋಗ್ತಾರೆ?”

ಈ ನಡುವೆ ನಾವೆಲ್ಲ ಚಿಕ್ಕ ಊರಿನ ಪಾಠ ಕಲಿಯುತ್ತಿದ್ದೆವು. ನಾನು ನಂಜನಗೂಡಿನಲ್ಲೇ ಮನೆ ಮಾಡಿದ್ದೆ. ನನ್ನ ಹೆಂಡತಿ ಒಂದು ದಿನ ಅರ್ಧ ಲೀಟರ್ ಹಾಲು ಜಾಸ್ತಿ ತಂದರೆ, ಸಂಜೆಯೊಳಗೆ ಮೂರು ಜನ “ಯಾರ್ ಬಂದವ್ರೆ ಅಮ್ಮಾ ಮನೇಗೆ?” ಎಂದು ಕೇಳುತ್ತಿದ್ದರು. ಕಾರ್ಖಾನೆಯಲ್ಲಿ ಹೊಸದಾಗಿ ತೆಗೆದುಕೊಂಡ ಸ್ಥಳೀಯ ಹುಡುಗರಲ್ಲಿ ಒಂದೇ ಹಳ್ಳಿಯ ಏಳು ಜನ ಒಂದೇ ದಿನ ರಜೆ ಹಾಕಿದರು, ಊರಲ್ಲಿ ಸಾವು ಎಂದು. ಏಳು ಜನಕ್ಕೂ ಬಂಧುವಾಗುವುದು ಹೇಗೆ ಎಂದು ನಾನು ಮೆಮೊ ಕೊಟ್ಟೆ. ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಸತ್ತವನು ಊರಿನವನು ಎಂದ ಮೇಲೆ ಬಂಧು ಹೌದೋ ಅಲ್ಲವೋ ಎಂಬ ಪ್ರಶ್ನೆಯೇ ಅವರಿಗೆ ಅರ್ಥವಾಗಿರಲಿಲ್ಲ. ಮೆಮೊ ವಾಪಸ್ ತೆಗೆದುಕೊಂಡೆ.

ರಾಜಮ್ಮನಿಗೆ ಮಾತ್ರ ಈ ಪಾಠ ಕಹಿಯಾಗಿತ್ತು. ನಂಜನಗೂಡಿನಲ್ಲಿ ಅವರು ಬಾಡಿಗೆಗಿದ್ದ ಮನೆಯೊಡತಿ ಗೌರಮ್ಮ ಮೊದಲ ವಾರದಲ್ಲೇ ಗಂಡನ ವಿಷಯ ಕೆದಕಿ ತಿಳಿದುಕೊಂಡು, ಬೀದಿಗೆಲ್ಲ ಹೇಳಿ ಮುಗಿಸಿದ್ದರು.

“ಬೆಂಗಳೂರಲ್ಲಿ ಒಂದೇ ವಠಾರದಲ್ಲಿ ಒಂಬತ್ತು ವರ್ಷ ಇದ್ದೆ ಸಾರ್. ಒಬ್ಬರೂ ಕೇಳಲಿಲ್ಲ. ಇಲ್ಲಿ ನಲ್ಲಿ ಹತ್ರ ಹೋದ್ರೆ ಮಾತು ನಿಲ್ಲಿಸ್ತಾರೆ. ನಾನು ಈ ಕಡೆ ಬಂದ ಮೇಲೆ ಮತ್ತೆ ಶುರು ಮಾಡ್ತಾರೆ” ಎಂದು ಒಂದು ದಿನ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಬಲಗಡೆಯ ಪಟ್ಟಿಯಲ್ಲಿ ನಾನು ಬರೆದ ಐದರಲ್ಲಿ ಇದು ಇರಲೇ ಇಲ್ಲ.

ಮೂರು ತಿಂಗಳು ಮುಗಿಯಲು ಹತ್ತು ದಿನ ಇರುವಾಗ ಆ ಸಂಜೆ ಬಂತು. ಏಳು ಗಂಟೆಗೆ ಕಾರ್ಖಾನೆಗೆ ಫೋನು. ಮೈಸೂರಿನ ಎಸ್‌ಟಿಡಿ ಬೂತಿನಿಂದ ರಾಜಮ್ಮ. ಸುಮಾ ಶಾಲೆಯಲ್ಲಿಲ್ಲ. ಕಾದು ಕಾದು ಬೇಸತ್ತ ಮಗು ಬೇರೆ ಮಕ್ಕಳ ಜತೆ ಗೇಟು ದಾಟಿದೆ. ಆಯಾ ತಾಯಿಯೇ ಬಂದಳು ಅಂದುಕೊಂಡಿದ್ದಾಳೆ. ನಾನು ಕಂಪನಿಯ ಜೀಪಿನಲ್ಲಿ ಮೈಸೂರಿಗೆ ಹೋದೆ. ಶಾಲೆಯಿಂದ ಬಸ್ ನಿಲ್ದಾಣದವರೆಗೆ ಅಂಗಡಿ ಅಂಗಡಿಯಲ್ಲೂ ಕೇಳಿದೆವು. ಕೂಗಿ ಕರೆಯೋಣವೆಂದರೆ ಕರೆದರೆ ಕೇಳುವ ಮಗುವಲ್ಲ. ರಾಜಮ್ಮ ನನ್ನ ಮುಖ ನೋಡಲಿಲ್ಲ, ನಾನೂ ನೋಡಲಿಲ್ಲ. ಆ ಒಂದು ಗಂಟೆಯಲ್ಲಿ ನನ್ನ ಡೈರಿಯ ಐದು ಐದು, ಐದು ಹನ್ನೆರಡು ಕಣ್ಣ ಮುಂದೆ ಕುಣಿಯುತ್ತಿದ್ದವು.

ಎಂಟೂವರೆಗೆ ನಿಲ್ದಾಣದ ಬೂತಿನಿಂದ ಕಾರ್ಖಾನೆಗೆ ಫೋನ್ ಮಾಡಿದೆ. ವಾಚ್‌ಮನ್ ಎತ್ತಿಕೊಂಡ.

“ಸಾ, ಗೌರಮ್ಮೋರು ಫೋನ್ ಮಾಡಿದ್ರು. ಮಗು ನರಸೀಪುರದಲ್ಲಿ ಅದಂತೆ. ಅವ್ರ್ ತಂಗಿ ಮನೇಲಿ ಮುದ್ದೆ ಉಣ್ತಾ ಕುಂತದಂತೆ.”

ದಿನವೂ ತಾಯಿಯ ಜತೆ ನಡೆದ ದಾರಿ ಹಿಡಿದು ಮಗು ನಿಲ್ದಾಣಕ್ಕೆ ಬಂದಿತ್ತು. ದಿನವೂ ಬಸ್ ಹತ್ತುವ ಜಾಗದಲ್ಲಿ ಅವತ್ತು ತಿ. ನರಸೀಪುರದ ಬಸ್ಸು ನಿಂತಿತ್ತು, ಹತ್ತಿ ಕೂತಿತ್ತು. ನಾವು ನರಸೀಪುರ ಮುಟ್ಟಿದಾಗ, ಬಸ್ ನಿಲ್ದಾಣದಲ್ಲಿ ಹೂ ಮಾರುವ ನಾಗಮ್ಮ, ಗೌರಮ್ಮನ ತಂಗಿ, ಮನೆಯ ಜಗಲಿಯಲ್ಲಿ ಸುಮಾಳಿಗೆ ಹೂ ಕಟ್ಟುವುದನ್ನು ತೋರಿಸಿಕೊಡುತ್ತಿದ್ದರು.

“ನಮ್ಮಕ್ಕ ಓದ್ ತಿಂಗ್ಳು ಬಂದಿದ್ದಾಗ ಯೋಳಿದ್ಲು ಕಣವ್ವಾ. ಬೆಂಗ್ಳೂರ್ ಕಡೆಯೋರು ಬಾಡ್ಗೆಗೆ ಬಂದವ್ರೆ, ಗಂಡ ಬುಟ್ಟೋಗವ್ನೆ, ಮಗೀಗೆ ಕಿವಿ ಕೇಳಕಿಲ್ಲ, ನೀಲಿ ಲಂಗ ಆಕಂಡು ಮೈಸೂರ್ಗೆ ಇಸ್ಕೂಲ್ಗೆ ಓಯ್ತದೆ ಅಂತ. ಬಸ್ಸಿಂದ ನೀಲಿ ಲಂಗದ ಮಗ ಒಂದೇ ಇಳೀತು. ಕರದೆ, ತಿರುಗ್ನಿಲ್ಲ. ಇನ್ನೊಂದ್ ಕಿತ ಕರದೆ, ಆಗ್ಲೂ ತಿರುಗ್ನಿಲ್ಲ. ಇದು ಅದೇಯ ಅಂದ್ಬುಟ್ಟು ಕೈ ಇಡ್ಕಂಡೆ.”

ರಾಜಮ್ಮ ಆಕೆಯ ಎರಡು ಕೈಗಳನ್ನೂ ಹಿಡಿದುಕೊಂಡರು. ನಾನು ಜೀಪಿನ ಹತ್ತಿರ ಹೋಗಿ ಕನ್ನಡಕ ಒರೆಸಿಕೊಂಡೆ.

ಮಾರನೆಯ ಬೆಳಗ್ಗೆ ಟೆಸ್ಟ್ ಬೆಂಚಿಗೆ ಹೋದೆ. ರಾಜಮ್ಮ ಕೆಲಸಕ್ಕೆ ಬಂದಿದ್ದರು. ಮಗುವನ್ನು ಅವತ್ತು ಗೌರಮ್ಮನ ಹತ್ತಿರ ಬಿಟ್ಟಿದ್ದರು. ನಿಂತೇ ಹೇಳಿದೆ: ನಾನು ಬಸ್ಸು ಎಣಿಸಿದ್ದು ಸೋಮವಾರ, ಅದು ಗೊತ್ತಾಗಿ ಎರಡು ತಿಂಗಳ ಮೇಲಾಯಿತು, ಗೊತ್ತಿದ್ದೂ ಮುಂದಿನ ವಾರ ಮುಂದಿನ ವಾರ ಅನ್ನುತ್ತ ಬಂದೆ, ವಾಪಸ್ ಹೋಗಲು ಇನ್ನು ಒಂಬತ್ತು ದಿನ ಇದೆ, ಡಿಪೋದಲ್ಲಿ ಒಂದು ಜಾಗ ಉಳಿದಿದೆ, ಫಾರಂ ಇದು.

ಅವರು ಬೈಯಲಿಲ್ಲ. ಬೆಂಚಿನಲ್ಲಿದ್ದ ಒಂದು ಮೀಟರಿನತ್ತ ಕೈ ತೋರಿಸಿ ಕವಾಟ ಪೂರ್ತಿ ತಿರುಗಿಸಿದರು. ನೀರು ಭೋರೆಂದು ಹರಿಯಿತು, ಮುಳ್ಳು ಸರಿಯಾಗಿ ತಿರುಗಿತು. ಕವಾಟ ಅರ್ಧ ಮುಚ್ಚಿದರು, ಆಗಲೂ ತಿರುಗಿತು. ನೂಲೆಳೆಯಷ್ಟು ನೀರು ಬಿಟ್ಟಾಗ ಮುಳ್ಳು ನಿಂತೇ ಹೋಯಿತು. ನೀರು ಮಾತ್ರ ತೊಟ್ಟಿಗೆ ಬೀಳುತ್ತಲೇ ಇತ್ತು.

“ಮೂರು ಹರಿವಲ್ಲಿ ನೋಡ್ತೀವಿ ಸಾರ್. ಜೋರು ನೀರಲ್ಲಿ ಎಂಥ ಮೀಟರೂ ಸರಿಯಾಗೇ ತೋರಿಸುತ್ತೆ. ನೀವು ಜೋರು ನೀರಲ್ಲಿ ಒಂದ್ಸಲ ನೋಡಿ ಸಹಿ ಹಾಕಿಬಿಟ್ರಿ.” ಕವಾಟ ಮುಚ್ಚುತ್ತ, “ನಾನು ನಿಮ್ಮ ಡೈರಿ ನೋಡಿ ಸಹಿ ಹಾಕಿದೆ. ನನ್ನ ಕೆಲಸ ಗೊತ್ತಿದ್ದೂ ವಾರ ಯಾವುದು ಅಂತ ಕೇಳಲಿಲ್ಲ” ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಫಾರಂ ಇಸಿದುಕೊಂಡು ಮಡಿಸಿ ಇಟ್ಟುಕೊಂಡರು. ಬುಧವಾರ ರಜೆ ಕೇಳಿದರು. ಬೆಂಗಳೂರಿಗೆ ಹೋಗಿ ಡಿಪೋ ನೋಡಿ ಬರುತ್ತಾರೆ ಅಂದುಕೊಂಡೆ. ಆದರೆ ಬುಧವಾರ ಮಧ್ಯಾಹ್ನ ನೋಡಿದರೆ, ಗೇಟಿನೆದುರು ಮಾದಪ್ಪನ ಬೆಂಚಿನ ಮೇಲೆ ಟೆಸ್ಟಿಂಗ್ ಕಾರ್ಡು ಹಿಡಿದು ಕೂತಿದ್ದಾರೆ. ಮೂರರಿಂದ ಆರರವರೆಗೆ ಹೋದ ಪ್ರತಿ ಬಸ್ಸನ್ನೂ ಬರೆದುಕೊಂಡರು: ಎಲ್ಲಿಂದ ಬಂತು, ನಿಂತಿತೋ ಇಲ್ಲವೋ, ಜಾಗ ಇತ್ತೋ ಇಲ್ಲವೋ. ಗುರುವಾರವೂ ಶುಕ್ರವಾರವೂ ಮಾದಪ್ಪನ ಹೆಂಡತಿ ನೋಡಿ ಹೇಳಿದಳು, ಅದನ್ನೂ ಸೇರಿಸಿದರು. ನಾಲ್ಕು ನಲವತ್ತಕ್ಕೆ ನಂಜನಗೂಡು ನಿಲ್ದಾಣದಿಂದಲೇ ಹೊರಡುವ ಒಂದು ಲೋಕಲ್ ಬಸ್ಸು ಖಾಲಿ ಬರುತ್ತಿತ್ತು, ಕೈ ಅಡ್ಡ ಹಾಕಿದರೆ ಸಾಕು, ನಿಲ್ಲುತ್ತಿತ್ತು. ನಾವು ಅದು ಹೋದ ಮೇಲೆ ಗೇಟು ತೆಗೆಯುತ್ತಿದ್ದೆವು, ಅಷ್ಟೆ.

ಬೆಳಗ್ಗೆ ಕಾಲು ಗಂಟೆ ಬೇಗ ಬಂದು, ಊಟದ ಹೊತ್ತಿನಲ್ಲಿ ಕಾಲು ಗಂಟೆ ಕಡಿಮೆ ಮಾಡಿಕೊಂಡರೆ ನಾಲ್ಕೂವರೆಗೆ ಬಿಡಬಹುದಿತ್ತು. ಹಾಗೆಂದು ರಾಜಮ್ಮ ಬರೆದ ಅರ್ಜಿಯ ಕೆಳಗೆ ಬೆಂಗಳೂರಿನಿಂದ ಬಂದವರು, ಸ್ಥಳೀಯರು, ಎಲ್ಲರ ಸಹಿಯೂ ಇತ್ತು. ಸಾವಿಗೆ ಹೋಗಿದ್ದ ಆ ಏಳು ಜನರದೇ ಮೊದಲು. ನಾನು ರಾಯರ ಮುಂದೆ ಇಟ್ಟೆ.

“ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ ಅಂದಿದ್ರಿ ಸಾರ್. ಈಗ ಎಲ್ಲರೂ ಕೇಳ್ತಿದಾರೆ.”

ರಾಯರು ಕೆಂಪು ಪೆನ್ಸಿಲ್ ತೆಗೆದು ಬಹಳ ಹೊತ್ತು ತಿರುಗಿಸುತ್ತ ಕೂತರು. ಕೊನೆಗೆ ಒಂದು ಟಿಕ್ ಹಾಕಿದರು. ಅವರು ಟಿಕ್ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಂಬತ್ತನೆಯ ದಿನ ರಾಜಮ್ಮ ಫಾರಂ ತಂದು ನನ್ನ ಮೇಜಿನ ಮೇಲಿಟ್ಟರು. ಸಹಿ ಇರಲಿಲ್ಲ. ಜತೆಗೆ ನಾನು ಹಂಚಿದ್ದ ಹಳೆಯ ಹಾಳೆ. ಖಾಲಿ ಬಿಟ್ಟಿದ್ದ ಬಲಗಡೆಯಲ್ಲಿ ಅವರ ದುಂಡು ಅಕ್ಷರದಲ್ಲಿ ಒಂದೇ ಸಾಲು: ಇಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತು. ಎಡಗಡೆ ನನ್ನ ಹನ್ನೆರಡೂ ಪಾಯಿಂಟುಗಳ ಕೆಳಗೆ ಹದಿಮೂರನೆಯದಾಗಿ ಅದೇ ಸಾಲು: ಇಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತು.

ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡೆ. ಆಮೇಲಿನ ವರ್ಷಗಳಲ್ಲಿ ಹಾಜರಿ ಬಿಲ್ಲೆಗಳು ಹೋಗಿ ಕಾರ್ಡು ಬಂತು, ಕಾರ್ಡು ಹೋಗಿ ಕಂಪ್ಯೂಟರು ಬಂತು, ರಾಯರು ನಿವೃತ್ತರಾಗಿ ಪೆನ್ಸಿಲೇ ಇಲ್ಲದ ಒಬ್ಬ ಹುಡುಗ ಸಾಹೇಬರು ಬಂದರು. ಹಾಳೆ ಅಲ್ಲೇ ಇತ್ತು. ರಾಜಮ್ಮ ನನ್ನನ್ನು ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ನಾನು ಯಾವ ಹೊಸ ಸುತ್ತೋಲೆ ಹೊರಡಿಸಿದರೂ, “ಬುಧವಾರ ನೋಡಿದ್ರಾ ಸಾರ್?” ಎಂದು ಕೇಳುತ್ತಿದ್ದರು. ಕ್ರಮೇಣ ಇಡೀ ಕಾರ್ಖಾನೆ ಅದನ್ನೇ ಕೇಳತೊಡಗಿತು. ಕೇಳಿದಾಗಲೆಲ್ಲ ನಾನು ಸುತ್ತೋಲೆಯನ್ನು ಇನ್ನೊಮ್ಮೆ ಓದುತ್ತಿದ್ದೆ. ಸುಮಾ ದೊಡ್ಡವಳಾಗಿ ನಂಜನಗೂಡಿನಲ್ಲೇ ಹೊಲಿಗೆ ಅಂಗಡಿ ಇಟ್ಟಳು. ಅವಳ ಅಂಗಡಿಗೆ ಬರುವವರು ಮಾತು ನಿಲ್ಲಿಸಿ ಕೈಯಲ್ಲೇ ಅಳತೆ ಹೇಳಲು ಕಲಿತರು.

ಎರಡು ಸಾವಿರದ ದಶಕದ ಕೊನೆಯಲ್ಲಿ ನನ್ನ ನಿವೃತ್ತಿ. ನನ್ನ ಹೆಂಡತಿಗೂ ನನಗೂ ಬೆಂಗಳೂರಿಗೆ ವಾಪಸ್ ಹೋಗುವ ಆಸೆ. ಹಳೆಯ ಬಡಾವಣೆಯಲ್ಲಿ ಒಂದು ಮನೆ ನೋಡಿ ಬಂದಿದ್ದೆವು, ಮುಂಗಡ ಕೊಡುವುದಷ್ಟೇ ಬಾಕಿ. ಬೀಳ್ಕೊಡುಗೆಯ ದಿನ ಹಾರ ತುರಾಯಿ ಎಲ್ಲ ಮುಗಿದು, ನನ್ನ ಕೋಣೆ ಖಾಲಿ ಮಾಡುತ್ತಿದ್ದಾಗ ರಾಜಮ್ಮ ಬಂದರು. ಅವರ ತಲೆಯೂ ಬೆಳ್ಳಗಾಗಿತ್ತು.

“ಬೆಂಗಳೂರಿಗೆ ಹೊರಟ್ರಂತೆ ಸಾರ್?”

“ಹೌದು ರಾಜಮ್ಮ. ಒಳ್ಳೆ ಮನೆ. ಬೀದಿ ಎಷ್ಟು ಶಾಂತವಾಗಿದೆ ಗೊತ್ತಾ, ಒಂದು ಗಾಡಿ ಸದ್ದಿಲ್ಲ. ನಿಲ್ದಾಣದಿಂದ ಇಪ್ಪತ್ತೇ ನಿಮಿಷಕ್ಕೆ ಮುಟ್ಟಿದ್ವಿ.”

“ಯಾವ ವಾರ ಹೋಗಿದ್ರಿ?”

ನಾನು ಜೇಬಿನಿಂದ ಡೈರಿ ತೆಗೆದು ನೋಡಿದೆ.

“ಭಾನುವಾರ” ಅಂದೆ.

ಅವರು ನಗಲಿಲ್ಲ. ಮೇಜಿನ ಗಾಜನ್ನು ಒಂದು ಕೈಯಿಂದ ಎತ್ತಿ, ಹಳದಿಯಾಗಿದ್ದ ಆ ಹಾಳೆಯನ್ನು ಎಳೆದು, ಮಗುಚಿ ಹಾಕಿದರು. ಖಾಲಿ ಹಿಂಬದಿಯ ನಡುವೆ ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದು, ಪೆನ್ನನ್ನು ನನ್ನ ಕೈಗೆ ಕೊಟ್ಟರು.

“ಈ ಸಲ ಬಲಗಡೆಯಿಂದ ಶುರು ಮಾಡಿ ಸಾರ್.”